ಚಂದಾದಾರನ ಕೋಪ

ಬೆಲೆ ಏರಿದಾಗ ಕೊಳ್ಳುವವನಿಗೆ ಬರುವ ಸಿಟ್ಟು ಒಂದು ಬಗೆಯದು. ಚಂದಾದಾರನಿಗೆ ಬರುವ ಸಿಟ್ಟು ಇನ್ನೊಂದು ಬಗೆಯದು. ಸಂತೆಯಲ್ಲಿ ಈರುಳ್ಳಿಯ ಬೆಲೆ ಇಮ್ಮಡಿಯಾದರೆ ಗೃಹಸ್ಥನು ನಾಲ್ಕು ಮಾತು ಬೈದು, ಅರ್ಧ ಕಿಲೋ ಕಡಿಮೆ ಕೊಂಡು ಮನೆಗೆ ಬರುತ್ತಾನೆ. ಮಾರುವವನಿಗೂ ಅವನಿಗೂ ಆ ಕ್ಷಣವನ್ನು ಮೀರಿದ ಸಂಬಂಧವೇನೂ ಇರುವುದಿಲ್ಲ. ಚಂದಾದಾರನ ಸ್ಥಿತಿ ಹಾಗಲ್ಲ. ಅವನು ಮುಂಗಡವಾಗಿ ಹಣ ಕೊಟ್ಟವನು. ಇನ್ನೂ ಕಣ್ಣಿಗೆ ಬೀಳದ ಸರಕನ್ನು ನಂಬಿದವನು. ತನ್ನ ಹೆಸರನ್ನೂ ವಿಳಾಸವನ್ನೂ ಒಂದು ದಫ್ತರದಲ್ಲಿ ಬರೆಯಿಸಿ, ಆ ಕಾರ್ಯದಲ್ಲಿ ತಾನೂ ಒಬ್ಬ ಪಾಲುಗಾರನೆಂದು ಒಳಗೊಳಗೇ ಹೆಮ್ಮೆಪಟ್ಟವನು. ಚಂದಾ ಎಂಬ ಮಾತು ನಮ್ಮಲ್ಲಿ ವಂತಿಗೆಯೆಂಬ ಹಳೆಯ ಅರ್ಥವನ್ನು ಇನ್ನೂ ಬಿಟ್ಟುಕೊಟ್ಟಿಲ್ಲ. ರಾಮನವಮಿಯ ಸಂಗೀತೋತ್ಸವಕ್ಕೂ ಚಂದಾ ಎತ್ತುತ್ತೇವೆ, ಮಾಸಪತ್ರಿಕೆಗೂ ಚಂದಾ ಕಳುಹಿಸುತ್ತೇವೆ. ಎರಡರಲ್ಲಿಯೂ ಕೊಟ್ಟವನಿಗೆ ಸ್ವಲ್ಪಮಟ್ಟಿಗೆ ಯಜಮಾನಿಕೆಯ ಭಾವ ಬರುವುದು ಸಹಜ.

ಕನ್ನಡದ ಹಳೆಯ ಮಾಸಪತ್ರಿಕೆಗಳ ಸಂಪುಟಗಳನ್ನು ತಿರುವಿಹಾಕಿದವರಿಗೆ ಚಂದಾದಾರರಿಗೆ ಮಾಡಿಕೊಂಡ ವಿಜ್ಞಾಪನೆಗಳು ಪರಿಚಿತವಾಗಿಯೇ ಇರುತ್ತವೆ. ಕಾಗದದ ಅಭಾವ, ಅಚ್ಚಿನ ಮನೆಯ ಸಾಲ, ಅಂಚೆಯ ದರ ಇವುಗಳನ್ನೆಲ್ಲ ಒಂದೊಂದಾಗಿ ವಿವರಿಸಿ, ಕೊನೆಯ ವಾಕ್ಯದಲ್ಲಿ ಬಹಳ ಸಂಕೋಚದಿಂದ ಎಂಟಾಣೆ ಹೆಚ್ಚಿಗೆ ಕೇಳುವ ಆ ಬರಹಗಳಲ್ಲಿ ಕೆಲವು, ಅದೇ ಸಂಚಿಕೆಯ ಕಥೆಗಳಿಗಿಂತ ಹೃದಯಂಗಮವಾಗಿರುವುದನ್ನು ನಾನು ಕಂಡಿದ್ದೇನೆ. ಓದುಗರು ಆ ಎಂಟಾಣೆಯನ್ನು ಕೊಟ್ಟರು. ಕೊಡಲಾರದವರು ಸುಮ್ಮನೆ ನಿಂತರು. ಜಗಳವಾದದ್ದು ಅಪರೂಪ.

ಈಚೆಗೆ ವಿದ್ಯಾರ್ಥಿಯೊಬ್ಬರು, ಮನೆಗೆ ಸಿನಿಮಾ ಒದಗಿಸುವ ಸಂಸ್ಥೆಗಳು ಮೇಲಿಂದ ಮೇಲೆ ದರ ಏರಿಸುವುದನ್ನು ಕುರಿತು ಈ ಪುಟದಲ್ಲಿ ಏಕೆ ಒಂದು ಮಾತೂ ಬರುವುದಿಲ್ಲವೆಂದು ನನ್ನನ್ನು ಕೇಳಿದರು. ಸಾಹಿತ್ಯದ ಪುಟಕ್ಕೂ ಸಿನಿಮಾದ ಬಾಡಿಗೆಗೂ ಏನು ನಂಟು ಎಂದು ಕೆಲವು ಹಿರಿಯ ಓದುಗರು ಹುಬ್ಬು ಗಂಟಿಕ್ಕಬಹುದು. ನಂಟು ಇದೆ ಎಂದೇ ನನ್ನ ತಿಳಿವಳಿಕೆ. ಅದನ್ನು ತೋರಿಸಲು ೨೦೧೧ರಲ್ಲಿ ಅಮೆರಿಕದಲ್ಲಿ ನಡೆದ ಒಂದು ಪ್ರಸಂಗವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕಾಗಿದೆ. ಚಂದಾದಾರರ ಸಿಟ್ಟು ಅಷ್ಟು ದೊಡ್ಡ ಪ್ರಮಾಣದಲ್ಲಿ, ಅಷ್ಟು ಸ್ಪಷ್ಟವಾಗಿ ಲೆಕ್ಕಕ್ಕೆ ಸಿಕ್ಕ ಸಂದರ್ಭ ಬೇರೊಂದು ನನಗೆ ತಿಳಿಯದು.

ಆ ಸಂಸ್ಥೆಯ ಹೆಸರು ನೆಟ್‌ಫ್ಲಿಕ್ಸ್. ನಮ್ಮ ತರುಣರಿಗೆ ಈ ಹೆಸರು ಕೇಳಿದೊಡನೆ ಗೋಡೆಯ ಮೇಲಿನ ತೆರೆಯೋ ಕೈಯಲ್ಲಿನ ಫೋನೋ ನೆನಪಾಗುತ್ತದೆ. ಆದರೆ ಅದು ಹುಟ್ಟಿದ್ದು ಅಂಚೆಯ ವ್ಯಾಪಾರವಾಗಿ. ರೀಡ್ ಹೇಸ್ಟಿಂಗ್ಸ್ ಮತ್ತು ಮಾರ್ಕ್ ರ‍್ಯಾಂಡಾಲ್ಫ್ ಎಂಬ ಇಬ್ಬರು ೧೯೯೭ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಅದನ್ನು ಸ್ಥಾಪಿಸಿದರು. ೧೯೯೮ರ ಏಪ್ರಿಲ್‌ನಲ್ಲಿ ವ್ಯಾಪಾರ ತೆರೆಯಿತು. ಡಿವಿಡಿ ಎಂಬ ತಟ್ಟೆ ಆಗತಾನೆ ಬಳಕೆಗೆ ಬಂದಿತ್ತು. ಅದರ ಹಿಂದಿನ ವಿಡಿಯೋ ಕ್ಯಾಸೆಟ್ಟು ಇಟ್ಟಿಗೆಯಂತೆ ದಪ್ಪ, ತೂಕ. ಅಂಚೆಗೆ ಹಾಕಿದರೆ ಬಾಡಿಗೆಗಿಂತ ಅಂಚೆಯ ವೆಚ್ಚವೇ ಹೆಚ್ಚಾಗುವಂಥದು. ಡಿವಿಡಿಯಾದರೋ ಹಪ್ಪಳದಷ್ಟು ತೆಳು. ಅಂಚೆಯಲ್ಲಿ ಒಡೆಯದೆ ಬರುವುದೇ ಎಂದು ನೋಡಲು ಆ ಇಬ್ಬರು ಮೊದಲು ಒಂದು ಹಾಡಿನ ತಟ್ಟೆಯನ್ನು ಲಕೋಟೆಯಲ್ಲಿಟ್ಟು ತಮ್ಮ ವಿಳಾಸಕ್ಕೇ ಕಳುಹಿಸಿಕೊಂಡರಂತೆ. ಮರುದಿನ ಅದು ಕ್ಷೇಮವಾಗಿ ಬಂತು. ಮುಂದೆ ನೂರಾರು ಕೋಟಿ ಡಾಲರುಗಳ ಸಾಮ್ರಾಜ್ಯವಾದದ್ದರ ಬುನಾದಿ, ಅಂಚೆಯವನ ಚೀಲದಲ್ಲಿ ಬಂದ ಆ ಒಂದು ಲಕೋಟೆ.

೧೯೯೯ರಲ್ಲಿ ಅವರು ತಿಂಗಳ ಚಂದಾದ ಪದ್ಧತಿಯನ್ನು ತಂದರು. ಚಂದಾದಾರನು ತಾನು ನೋಡಬಯಸುವ ಚಿತ್ರಗಳ ಪಟ್ಟಿಯೊಂದನ್ನು ಬರೆದಿಡುವುದು. ಮೊದಲ ಚಿತ್ರ ಅಂಚೆಯಲ್ಲಿ ಬರುವುದು. ನೋಡಿ ಹಿಂದಿರುಗಿಸಿದೊಡನೆ ಪಟ್ಟಿಯಲ್ಲಿನ ಮುಂದಿನದು ಹೊರಡುವುದು. ಇಂಥ ದಿನಕ್ಕೆ ಹಿಂದಿರುಗಿಸಬೇಕೆಂಬ ಕಟ್ಟಳೆಯಿಲ್ಲ, ತಡವಾದರೆ ದಂಡವಿಲ್ಲ. ಅಮೆರಿಕದ ಬೀದಿಬೀದಿಯಲ್ಲಿ ಆಗ ಬ್ಲಾಕ್‌ಬಸ್ಟರ್ ಎಂಬ ಸಂಸ್ಥೆಯ ವಿಡಿಯೋ ಅಂಗಡಿಗಳಿದ್ದುವು. ಅಲ್ಲಿ ಒಂದು ದಿನ ತಡವಾದರೂ ದಂಡ ತೆರಬೇಕಾಗಿತ್ತು. ಆ ದಂಡದ ಹಣವೇ ಅವರ ವರಮಾನದಲ್ಲಿ ಒಂದು ದೊಡ್ಡ ಭಾಗವಾಗಿತ್ತು. ದಂಡವಿಲ್ಲದ ಸಂಸ್ಥೆಯ ಕಡೆಗೆ ಜನ ಹರಿದು ಬಂದರೆಂದರೆ ಆಶ್ಚರ್ಯವೇನು? ೨೦೧೦ರ ಸೆಪ್ಟೆಂಬರ್‌ನಲ್ಲಿ ಬ್ಲಾಕ್‌ಬಸ್ಟರ್ ದಿವಾಳಿಯ ಅರ್ಜಿ ಹಾಕಿತು. ಅಷ್ಟು ಹೊತ್ತಿಗೆ ನೆಟ್‌ಫ್ಲಿಕ್ಸ್‌ನ ಕೆಂಪು ಲಕೋಟೆ ಅಮೆರಿಕದ ಅಂಚೆಪೆಟ್ಟಿಗೆಗಳಲ್ಲಿ ಮನೆಮಂದಿಯಷ್ಟು ಪರಿಚಿತವಾಗಿತ್ತು.

ನನಗೆ ಇದರಲ್ಲಿ ಆಸಕ್ತಿ ಹುಟ್ಟಿಸುವುದು ವ್ಯಾಪಾರದ ಜಾಣ್ಮೆಗಿಂತ ಹೆಚ್ಚಾಗಿ ಆ ಪಟ್ಟಿಯ ವಿಸ್ತಾರ. ಬೀದಿಯ ಅಂಗಡಿಯಲ್ಲಿ ಈ ವಾರದ ಜನಪ್ರಿಯ ಚಿತ್ರದ ಐವತ್ತು ಪ್ರತಿಗಳಿರುತ್ತಿದ್ದುವು. ಜಪಾನಿನ ಓಜು, ಬಂಗಾಳದ ರಾಯ್, ಸ್ವೀಡನ್ನಿನ ಬರ್ಗ್‌ಮನ್ ಬೇಕೆಂದರೆ ದೊಡ್ಡ ನಗರದ ಯಾವುದೋ ಮೂಲೆಯನ್ನು ಹುಡುಕಬೇಕಾಗಿತ್ತು. ಕೆಂಪು ಲಕೋಟೆಯ ಸಂಗ್ರಹ ಲಕ್ಷಕ್ಕೂ ಮೇಲ್ಪಟ್ಟ ಶೀರ್ಷಿಕೆಗಳವರೆಗೆ ಬೆಳೆಯಿತು. ಗೋಧಿ ಬೆಳೆಯುವ ಬಯಲುಸೀಮೆಯಲ್ಲಿ, ಹತ್ತಿರದ ಚಿತ್ರಮಂದಿರಕ್ಕೆ ಅರ್ಧ ದಿನದ ಹಾದಿಯಿರುವ ಹಳ್ಳಿಯಲ್ಲಿ ಕುಳಿತ ಶಾಲೆಯ ಉಪಾಧ್ಯಾಯಿನಿಗೂ ನ್ಯೂಯಾರ್ಕಿನ ರಸಿಕನಿಗೂ ಒಂದೇ ಪಟ್ಟಿ, ಒಂದೇ ಚಂದಾ. ಇದು ಗ್ರಂಥಾಲಯದ ಗುಣ. ಲಾಭಕ್ಕಾಗಿ ನಡೆಸಿದ ವ್ಯಾಪಾರವೊಂದು ಗ್ರಂಥಾಲಯದ ಕೆಲಸವನ್ನು ಮಾಡಿತು ಎಂಬುದು ವಿಚಿತ್ರವಾದರೂ ನಿಜ.

ಹೀಗೆ ಮಾಡಲು ಅದಕ್ಕೆ ಸಾಧ್ಯವಾದದ್ದು ಹೇಗೆಂಬುದನ್ನು ಸಾಹಿತ್ಯದ ಓದುಗರು ತಿಳಿಯುವುದು ಅವಶ್ಯ. ಏಕೆಂದರೆ ಅದರ ಮೂಲದಲ್ಲಿರುವುದು ಒಂದು ಕಾದಂಬರಿಯ ಮೊಕದ್ದಮೆ. ಬಾಬ್ಸ್-ಮೆರಿಲ್ ಎಂಬ ಅಮೆರಿಕದ ಪ್ರಕಾಶನ ಸಂಸ್ಥೆ ಕಳೆದ ಶತಮಾನದ ಆರಂಭದಲ್ಲಿ ‘ದಿ ಕ್ಯಾಸ್ಟವೇ’ ಎಂಬ ಕಾದಂಬರಿಯನ್ನು ಹೊರತಂದಿತು. ಒಂದು ಡಾಲರಿಗಿಂತ ಕಡಿಮೆ ಬೆಲೆಗೆ ಯಾವ ವ್ಯಾಪಾರಿಯೂ ಇದನ್ನು ಮಾರಕೂಡದು, ಮಾರಿದರೆ ಗ್ರಂಥಸ್ವಾಮ್ಯದ ಉಲ್ಲಂಘನೆಯಾಗುತ್ತದೆಂದು ಪುಸ್ತಕದೊಳಗೇ ಅಚ್ಚು ಹಾಕಿಸಿತು. ನ್ಯೂಯಾರ್ಕಿನ ಮೇಸೀಸ್ ಅಂಗಡಿಯವರು ಅದನ್ನು ೮೯ ಸೆಂಟಿಗೆ ಮಾರಿದರು. ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ೧೯೦೮ರಲ್ಲಿ ಬಂದ ತೀರ್ಪು ಅಂಗಡಿಯವರ ಪರವಾಗಿತ್ತು: ಪ್ರತಿಯನ್ನು ಒಮ್ಮೆ ಮಾರಿದ ಮೇಲೆ, ಆ ಪ್ರತಿಯ ಮುಂದಿನ ಬೆಲೆಯನ್ನು ಗೊತ್ತುಮಾಡುವ ಹಕ್ಕು ಪ್ರಕಾಶಕನಿಗಿಲ್ಲ. ಮುಂದೆ ಈ ತತ್ತ್ವ ಆ ದೇಶದ ಶಾಸನದಲ್ಲಿಯೇ ಸೇರಿತು. ಕೊಂಡ ಪುಸ್ತಕವನ್ನು ಮಾರಬಹುದು, ದಾನ ಮಾಡಬಹುದು, ಕಡ ಕೊಡಬಹುದು. ಲೇಖಕನನ್ನಾಗಲಿ ಪ್ರಕಾಶಕನನ್ನಾಗಲಿ ಕೇಳಬೇಕಾಗಿಲ್ಲ. ಚಲನಚಿತ್ರದ ತಟ್ಟೆಗೂ ಇದೇ ನ್ಯಾಯ. ಹಾಲಿವುಡ್ಡಿನ ದೊರೆಗಳಿಗೆ ಇಷ್ಟವಿರಲಿ ಬಿಡಲಿ, ತಟ್ಟೆಯನ್ನು ಹಣ ಕೊಟ್ಟು ತಂದವನು ಅದನ್ನು ಕೆಂಪು ಲಕೋಟೆಯಲ್ಲಿಟ್ಟು ಸಾವಿರ ಮನೆಗೆ ಕಳುಹಿಸಬಹುದಾಗಿತ್ತು.

೨೦೦೭ರ ಜನವರಿಯಲ್ಲಿ ಇದರ ಪಕ್ಕದಲ್ಲಿ ಇನ್ನೊಂದು ಬಾಗಿಲು ತೆರೆಯಿತು. ಚಿತ್ರವು ತಟ್ಟೆಯ ಹಂಗಿಲ್ಲದೆ ಅಂತರಜಾಲದ ಮೂಲಕ ನೇರವಾಗಿ ಮನೆಗೆ ಹರಿದು ಬರುವ ಏರ್ಪಾಟು ಅದು. ಸ್ಟ್ರೀಮಿಂಗ್ ಎಂದು ಈಗ ನಮ್ಮ ಮಕ್ಕಳೂ ಹೇಳುತ್ತಾರೆ. ಮೊದಮೊದಲು ಅದು ತಟ್ಟೆಯ ಚಂದಾದಾರರಿಗೆ ಕೊಸರಿನಂತೆ ಸಿಗುತ್ತಿತ್ತು. ಸರಕು ಅಲ್ಪ, ಬಹುಪಾಲು ಹಳೆಯದು. ಆದ್ದರಿಂದ ಯಾರೂ ಅದನ್ನು ಪ್ರತ್ಯೇಕವಾಗಿ ಬೆಲೆಕಟ್ಟಿ ನೋಡಲಿಲ್ಲ. ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಹರಿದು ಬರುವ ಚಿತ್ರಕ್ಕೆ ೧೯೦೮ರ ನ್ಯಾಯ ಅನ್ವಯಿಸುವುದಿಲ್ಲ. ಅಲ್ಲಿ ಯಾರೂ ಯಾವ ಪ್ರತಿಯನ್ನೂ ಕೊಳ್ಳುವುದಿಲ್ಲ. ಚಿತ್ರದ ಒಡೆಯನು ಇಷ್ಟು ಹಣಕ್ಕೆ ಇಷ್ಟು ಕಾಲದವರೆಗೆ ಎಂದು ಅಪ್ಪಣೆ ಕೊಡಬೇಕು; ಅವಧಿ ಮುಗಿದೊಡನೆ ಅವನು ಹೆಚ್ಚು ಕೇಳಬಹುದು, ಇಲ್ಲವೇ ಚಿತ್ರವನ್ನೇ ಹಿಂದಕ್ಕೆ ಪಡೆಯಬಹುದು. ಒಂದು ಬಾಗಿಲಿನಲ್ಲಿ ಸ್ವಾಮ್ಯ, ಇನ್ನೊಂದರಲ್ಲಿ ಅನುಮತಿ. ಎರಡಕ್ಕೂ ಸೇರಿ ೨೦೧೧ರ ಮಧ್ಯಭಾಗದಲ್ಲಿ ಒಂದೊಂದು ತಟ್ಟೆಯಂತೆ ತರಿಸುವವರ ಚಂದಾ ತಿಂಗಳಿಗೆ ೯.೯೯ ಡಾಲರ್.

ಆ ವರ್ಷದ ಜುಲೈ ೧೨ರಂದು ಸಂಸ್ಥೆ ಒಂದು ಪ್ರಕಟಣೆ ಹೊರಡಿಸಿತು. ಇನ್ನು ಮುಂದೆ ಎರಡೂ ಬೇರೆ ಬೇರೆ, ತಟ್ಟೆಗೆ ೭.೯೯, ಹರಿವಿಗೆ ೭.೯೯, ಎರಡೂ ಬೇಕಾದವರು ೧೫.೯೮ ಕೊಡಬೇಕು, ಹಳೆಯ ಚಂದಾದಾರರಿಗೆ ಇದು ಸೆಪ್ಟೆಂಬರ್ ತಿಂಗಳಿಂದ ಜಾರಿಗೆ ಬರುತ್ತದೆ. ಸುಮಾರು ೬೦ ಪ್ರತಿಶತ ಏರಿಕೆ. ಆ ಪ್ರಕಟಣೆಯ ಧಾಟಿಯನ್ನು ನಮ್ಮ ಹಳೆಯ ಸಂಪಾದಕರು ಕಂಡಿದ್ದರೆ ಏನೆನ್ನುತ್ತಿದ್ದರೋ! ಬೆಲೆ ಏರಿತೆಂದು ಅದು ಹೇಳಲಿಲ್ಲ. ತಟ್ಟೆಯ ಪ್ರತ್ಯೇಕ ಚಂದಾ ಇಷ್ಟು ಅಗ್ಗವಾಗಿ ಹಿಂದೆಂದೂ ಇರಲಿಲ್ಲವೆಂದು ಚಂದಾದಾರನಿಗೆ ಶುಭವಾರ್ತೆಯಂತೆ ತಿಳಿಸಿತು. ಲೆಕ್ಕ ತಪ್ಪೇನೂ ಅಲ್ಲ. ಹತ್ತು ರೂಪಾಯಿಗೆ ಇಡ್ಲಿ, ಚಟ್ನಿ ಎರಡನ್ನೂ ಕೊಡುತ್ತಿದ್ದವನು, ನಾಳೆಯಿಂದ ಇಡ್ಲಿ ಎಂಟು ರೂಪಾಯಿ, ಚಟ್ನಿ ಎಂಟು ರೂಪಾಯಿ, ಇಷ್ಟು ಅಗ್ಗದ ಇಡ್ಲಿಯನ್ನು ನೀವು ಎಂದೂ ತಿಂದಿಲ್ಲ ಎಂದರೆ, ಅವನ ಗಣಿತವನ್ನು ಯಾರು ಅಲ್ಲಗಳೆಯಬಲ್ಲರು?

ಜನ ಕೆರಳಿದರು. ಸಾವಿರಾರು ಮಂದಿ ಪ್ರತಿಭಟಿಸಿ ಬರೆದರು. ಆಗ ಅಮೆರಿಕದಲ್ಲಿ ನಿರುದ್ಯೋಗ ೯ ಪ್ರತಿಶತದ ಮೇಲಿತ್ತು. ೨೦೦೮ರ ಆರ್ಥಿಕ ಕುಸಿತದ ಪೆಟ್ಟಿನಿಂದ ಮಧ್ಯಮವರ್ಗ ಇನ್ನೂ ಚೇತರಿಸಿಕೊಂಡಿರಲಿಲ್ಲ. ಹೊರಗೆ ಊಟ ಬಿಟ್ಟು, ಪ್ರವಾಸ ಬಿಟ್ಟು, ಮನೆಯಲ್ಲಿ ಕುಳಿತು ಸಿನಿಮಾ ನೋಡುವುದೊಂದೇ ಉಳಿದ ಸಂತೋಷವೆಂದುಕೊಂಡವರ ಮನೆಗೆ ಈ ಪ್ರಕಟಣೆ ಬಂತು. ಆದರೂ ಅವರನ್ನು ಗೇಲಿ ಮಾಡಿದವರಿಗೂ ಕೊರತೆಯಿರಲಿಲ್ಲ. ಆರು ಡಾಲರಿಗೆ ಇಷ್ಟು ರಂಪವೇ, ಎರಡು ಸಲ ಕಾಫಿ ಬಿಟ್ಟರಾಯಿತಲ್ಲ, ಎಂಬುದು ಅವರ ವಾದ. ಇಂಥ ವಾದವನ್ನು ನಾವೂ ಕೇಳಿದ್ದೇವೆ. ಬಸ್ಸಿನ ದರ ಏರಿದಾಗ, ಪರೀಕ್ಷೆಯ ಶುಲ್ಕ ಏರಿದಾಗ, ‘ಇದೇನು ಮಹಾ’ ಎನ್ನುವ ಧ್ವನಿ ಯಾವಾಗಲೂ ಕಾರಿನೊಳಗಿಂದ ಬರುತ್ತದೆ.

ಸಂಸ್ಥೆಯ ಪಕ್ಷದಲ್ಲಿ ಹೇಳಬೇಕಾದ ಮಾತನ್ನೂ ಹೇಳದಿದ್ದರೆ ನ್ಯಾಯವಾಗುವುದಿಲ್ಲ. ತಟ್ಟೆಯನ್ನು ಕಳುಹಿಸುವುದಕ್ಕೂ ತರಿಸಿಕೊಳ್ಳುವುದಕ್ಕೂ ಅಂಚೆಯ ವೆಚ್ಚವನ್ನು ಅದೇ ಭರಿಸುತ್ತಿತ್ತು. ದೇಶದಾದ್ಯಂತ ಐವತ್ತಕ್ಕೂ ಹೆಚ್ಚು ಉಗ್ರಾಣಗಳಲ್ಲಿ ನಸುಕಿನಿಂದಲೇ ಲಕೋಟೆ ಬಿಚ್ಚುವ, ತಟ್ಟೆ ಪರೀಕ್ಷಿಸುವ ಕೆಲಸ ನಡೆಯುತ್ತಿತ್ತು. ಇತ್ತ ಹರಿವಿನ ಅಪ್ಪಣೆಗಳ ಬೆಲೆ ಗಗನಕ್ಕೇರುತ್ತಿತ್ತು. ಸ್ಟಾರ್ಜ್ ಎಂಬ ವಾಹಿನಿಯ ಮೂಲಕ ಡಿಸ್ನಿ, ಸೋನಿ ಸಂಸ್ಥೆಗಳ ಚಿತ್ರಗಳು ೨೦೦೮ರಿಂದ ಅಲ್ಪ ಬೆಲೆಗೆ ದೊರೆಯುತ್ತಿದ್ದುವು. ಆ ಒಪ್ಪಂದವನ್ನು ಮುಂದುವರಿಸುವ ಮಾತುಕತೆ, ದರ ಏರಿಕೆ ಜಾರಿಗೆ ಬಂದ ೨೦೧೧ರ ಸೆಪ್ಟೆಂಬರ್ ೧ರಂದೇ ಮುರಿದುಬಿತ್ತು. ಮಾರನೆಯ ವರ್ಷದ ಫೆಬ್ರವರಿಯ ಕೊನೆಗೆ ಆ ಚಿತ್ರಗಳು ಮರೆಯಾದುವು. ಅಂದರೆ ಚಂದಾದಾರನು ಹೆಚ್ಚು ಹಣ ಕೊಡಲು ಆರಂಭಿಸಿದ ದಿನವೇ, ಹರಿವಿನ ಬಾಗಿಲಿನಲ್ಲಿ ಸರಕು ಕಡಿಮೆಯಾಗಲಿದೆ ಎಂಬ ಸುದ್ದಿಯೂ ಬಂತು. ಅನುಮತಿಯ ಮೇಲೆ ಕಟ್ಟಿದ ಮನೆಯ ಸ್ವಭಾವವೇನೆಂಬುದನ್ನು ಇದಕ್ಕಿಂತ ಚೆನ್ನಾಗಿ ಯಾವ ಪಂಡಿತನೂ ವಿವರಿಸಲಾರ.

ಸೆಪ್ಟೆಂಬರ್ ೧೮ರಂದು ಸಂಸ್ಥೆಯ ಮುಖ್ಯಸ್ಥ ಹೇಸ್ಟಿಂಗ್ಸ್ ಚಂದಾದಾರರಿಗೆ ತಮ್ಮ ಹೆಸರಿನಲ್ಲಿಯೇ ಒಂದು ಪತ್ರ ಬರೆದರು. ಪತ್ರದ ಮೊದಲ ಭಾಗ ಒಳ್ಳೆಯದಾಗಿಯೇ ಇದೆ. ತಮ್ಮಿಂದ ತಪ್ಪಾಯಿತು, ಹಿಂದಿನ ಯಶಸ್ಸಿನಿಂದ ಅಹಂಕಾರ ಬಂದಿತ್ತು, ಚಂದಾದಾರರಿಗೆ ಗೌರವದಿಂದ ವಿವರಿಸಲಿಲ್ಲ ಎಂದು ನೇರವಾಗಿ ಒಪ್ಪಿಕೊಂಡಿದ್ದಾರೆ. ತಮ್ಮ ಭಯವನ್ನೂ ಹೇಳಿಕೊಂಡಿದ್ದಾರೆ: ಒಂದು ಕೆಲಸದಲ್ಲಿ ಹೆಸರು ಮಾಡಿದ ಸಂಸ್ಥೆಗಳು ಹೊಸದಕ್ಕೆ ಹೊಂದಿಕೊಳ್ಳಲಾರದೆ ಅಳಿಯುತ್ತವೆ. ಉದಾಹರಣೆಗಳಲ್ಲಿ ಒಂದಾಗಿ ಅವರು ಹೆಸರಿಸಿದ್ದು ಬಾರ್ಡರ್ಸ್ ಎಂಬ ಪುಸ್ತಕದ ಅಂಗಡಿಗಳನ್ನು. ಅದೇ ತಿಂಗಳು ಆ ಅಂಗಡಿಗಳ ಸಾಲು ಕೊನೆಯ ಸಲ ಬಾಗಿಲೆಳೆಯುತ್ತಿತ್ತು. ಇಲ್ಲಿಯವರೆಗೆ ಓದಿದ ಚಂದಾದಾರನು, ಬೆಲೆ ಇಳಿಯಬಹುದೇನೋ ಎಂದು ಆಸೆಪಟ್ಟಿದ್ದರೆ ತಪ್ಪಿಲ್ಲ. ಪತ್ರದ ಎರಡನೆಯ ಭಾಗದಲ್ಲಿ ಬಂದದ್ದು ಬೇರೆಯೇ ಸುದ್ದಿ. ತಟ್ಟೆಯ ವ್ಯಾಪಾರವನ್ನು ಕ್ವಿಕ್‌ಸ್ಟರ್ ಎಂಬ ಹೊಸ ಹೆಸರಿನಲ್ಲಿ ಪೂರ್ತಿಯಾಗಿ ಬೇರ್ಪಡಿಸುವುದು. ಎರಡು ಜಾಲತಾಣ, ಎರಡು ಬಿಲ್ಲು. ಒಂದು ಕಡೆ ಬರೆದ ಪಟ್ಟಿಗೂ ಅಭಿಪ್ರಾಯಕ್ಕೂ ಇನ್ನೊಂದು ಕಡೆಯೊಂದಿಗೆ ಸಂಬಂಧವಿಲ್ಲ. ದರದ ವಿಷಯದಲ್ಲಿ ಇನ್ನು ಬದಲಾವಣೆಯಿಲ್ಲ, ಅದು ಮುಗಿದ ಮಾತು, ಎಂದೂ ಭರವಸೆ ಕೊಟ್ಟಿದ್ದರು. ಏರಿದ್ದು ಏರಿದಂತೆಯೇ ಇರುತ್ತದೆ ಎಂಬುದನ್ನು ಭರವಸೆಯ ರೂಪದಲ್ಲಿ ಹೇಳುವುದು ಕಲೆಯೇ ಸರಿ. ಪತ್ರಲೇಖನವನ್ನು ಕಲಿಸುವ ಅಧ್ಯಾಪಕರು ಆ ಪತ್ರವನ್ನು ತರಗತಿಯಲ್ಲಿ ಓದಿಸಬೇಕು. ಕ್ಷಮೆ ಕೇಳಿದ ವಾಕ್ಯಗಳೆಲ್ಲ ಮಾತಿನ ಧಾಟಿಯನ್ನು ಕುರಿತವು, ಹಣಕ್ಕೆ ಸಂಬಂಧಿಸಿದ್ದು ಒಂದೂ ಇಲ್ಲ.

ಮೂರು ವಾರಗಳಲ್ಲಿ, ಅಕ್ಟೋಬರ್ ೧೦ರಂದು, ಕ್ವಿಕ್‌ಸ್ಟರ್ ಯೋಜನೆಯನ್ನು ಕೈಬಿಟ್ಟರು. ಆ ಹೆಸರಿನಲ್ಲಿ ಒಂದು ತಟ್ಟೆಯೂ ಅಂಚೆಗೆ ಬೀಳಲಿಲ್ಲ. ಜುಲೈಯಿಂದ ಸೆಪ್ಟೆಂಬರಿನವರೆಗಿನ ಲೆಕ್ಕ ಹೊರಬಂದಾಗ ಅಮೆರಿಕದ ಚಂದಾದಾರರು ೨ ಕೋಟಿ ೪೬ ಲಕ್ಷದಿಂದ ೨ ಕೋಟಿ ೩೮ ಲಕ್ಷಕ್ಕೆ ಇಳಿದಿದ್ದರು. ಎಂಟು ಲಕ್ಷ ಮನೆಗಳು. ಜುಲೈಯಲ್ಲಿ ೩೦೦ ಡಾಲರಿನ ಹತ್ತಿರವಿದ್ದ ಷೇರಿನ ಬೆಲೆ ವರ್ಷದ ಕೊನೆಗೆ ೭೦ರ ಆಸುಪಾಸಿಗೆ ಬಿತ್ತು.

ಆ ಎಂಟು ಲಕ್ಷ ಮಂದಿ ಏನನ್ನು ಗೆದ್ದರು? ಒಂದು ಕೆಟ್ಟ ಹೆಸರು ಹೋಯಿತು. ಎರಡು ಜಾಲತಾಣಗಳ ತೊಡಕು ತಪ್ಪಿತು. ದರ ಮಾತ್ರ ಒಂದು ಸೆಂಟೂ ಇಳಿಯಲಿಲ್ಲ. ನನ್ನ ಎಣಿಕೆಯಲ್ಲಿ, ದರದ ಉದ್ದೇಶವೇ ಬೇರೆಯಿತ್ತು. ಒಟ್ಟಿಗೆ ಇದ್ದ ಎರಡನ್ನು ಬಿಡಿಸಿ, ಎರಡಕ್ಕೂ ಒಂದೇ ಬೆಲೆಯಿಟ್ಟರೆ, ಕೈ ಬಿಗಿಯಿರುವ ಮನೆ ಒಂದನ್ನು ಬಿಡಲೇಬೇಕು. ಯಾವುದನ್ನು ಬಿಡುತ್ತದೆ? ಅಂಚೆಗೆ ಕಾಯಬೇಕಾದದ್ದನ್ನು. ಹಾಗೆ ಬಿಡಲೆಂದೇ ಸಂಸ್ಥೆ ಬಯಸಿತ್ತು. ತಟ್ಟೆಯನ್ನು ನಿಲ್ಲಿಸುತ್ತೇವೆ ಎಂದು ಬಾಯಿಬಿಟ್ಟು ಹೇಳಿದರೆ ನಿಷ್ಠುರವಾಗುತ್ತದೆ. ಚಂದಾದಾರನೇ ತಟ್ಟೆಯನ್ನು ತ್ಯಜಿಸುವಂತೆ ಮಾಡಿದರೆ ಕಾಲದ ಇಚ್ಛೆಯೆನಿಸಿಕೊಳ್ಳುತ್ತದೆ. ವೇಗದ ಅಂತರಜಾಲ ಇನ್ನೂ ತಲಪದ ಹಳ್ಳಿಗಾಡು ಅಮೆರಿಕದಲ್ಲಿ ಬೇಕಾದಷ್ಟಿತ್ತು. ಅಲ್ಲಿಯ ಚಂದಾದಾರನಿಗೆ ಈ ಆಯ್ಕೆ ಆಯ್ಕೆಯೇ ಆಗಿರಲಿಲ್ಲ.

ಸಂಸ್ಥೆಯ ಮುಂಗಾಣ್ಕೆ ವ್ಯಾಪಾರದ ದೃಷ್ಟಿಯಿಂದ ಸರಿಯಾಗಿತ್ತೆಂಬುದನ್ನು ಮುಂದಿನ ವರ್ಷಗಳು ತೋರಿಸಿವೆ. ೨೦೧೩ರಿಂದ ಅದು ತನ್ನದೇ ಧಾರಾವಾಹಿಗಳನ್ನು ತಯಾರಿಸತೊಡಗಿತು, ಪ್ರಪಂಚದ ಮೂಲೆಮೂಲೆಗೆ ಹಬ್ಬಿತು. ಇದನ್ನು ತೋರಿಸಿ, ಆಗ ಸಿಟ್ಟಾದವರು ದಡ್ಡರೆಂದು ಹೇಳುವವರಿದ್ದಾರೆ. ಆ ತರ್ಕ ನನಗೆ ಹಿಡಿಸುವುದಿಲ್ಲ. ಜನ ಆರು ಡಾಲರಿನ ಹೆಸರಿನಲ್ಲಿ ಕೂಗಾಡಿದರು ನಿಜ. ಆದರೆ ಲಕ್ಷ ಚಿತ್ರಗಳ ಭಂಡಾರವೊಂದು ತಮ್ಮ ಕೈಜಾರುತ್ತಿದೆ, ಅದರ ಸ್ಥಳದಲ್ಲಿ ಇಂದು ಇದ್ದು ನಾಳೆ ಇಲ್ಲದ ಕೆಲವು ಸಾವಿರ ಚಿತ್ರಗಳು ಬರುತ್ತಿವೆ ಎಂಬ ಅರಿವು ಆ ಕೂಗಿನ ಹಿಂದೆ ಇತ್ತು. ಅವರಿಗೆ ಅದನ್ನು ನ್ಯಾಯವಾದಿಯ ಭಾಷೆಯಲ್ಲಿ ಹೇಳಲು ಬರಲಿಲ್ಲ, ಅಷ್ಟೆ. ತಟ್ಟೆ ಸೀಳಿದರೆ ಅಥವಾ ಕಳೆದುಹೋದರೆ ಹೊಸ ಪ್ರತಿ ತರಿಸುವ ಉತ್ಸಾಹ ಕಡಿಮೆಯಾಗುತ್ತಿದೆಯೆಂದು ಉಳಿದ ಚಂದಾದಾರರು ಮುಂದೆ ವರ್ಷಗಟ್ಟಲೆ ದೂರುತ್ತಲೇ ಇದ್ದರು.

ದೂರದ ದೇಶದ ಈ ಕಥೆ ನಮಗೇಕೆ ಎಂಬ ಪ್ರಶ್ನೆಗೆ ನನ್ನ ಸ್ನೇಹಿತರಾದ ಕಾಲೇಜು ಅಧ್ಯಾಪಕರೊಬ್ಬರ ಅನುಭವವನ್ನು ಹೇಳುತ್ತೇನೆ. ಅವರು ಸಾಹಿತ್ಯ ಮತ್ತು ಚಲನಚಿತ್ರವೆಂಬ ವಿಷಯವನ್ನು ಬೋಧಿಸುತ್ತಾರೆ. ಕಾದಂಬರಿಯೊಂದನ್ನು ಓದಿಸಿ, ಅದರ ಮೇಲೆ ಮಾಡಿದ ಹಳೆಯ ಚಿತ್ರವನ್ನು ತೋರಿಸಿ ಚರ್ಚೆ ನಡೆಸಬೇಕೆಂದು ಆರು ವಾರ ಮುಂಚೆ ಪಾಠದ ಯೋಜನೆ ಹಾಕಿಕೊಂಡರು. ಚಿತ್ರ ತಾವು ಚಂದಾದಾರರಾಗಿದ್ದ ಸಂಸ್ಥೆಯೊಂದರ ಪಟ್ಟಿಯಲ್ಲಿತ್ತು. ನಡುವೆ ಆ ಸಂಸ್ಥೆಯ ದರ ಏರಿತು, ಕೊಟ್ಟರು. ತರಗತಿಯ ದಿನ ಹುಡುಕಿದರೆ ಚಿತ್ರ ಮಾಯ. ಯಾರನ್ನು ಕೇಳಬೇಕು? ದರ ಏರಿಕೆಯ ಸೂಚನೆ ಬಂದಂತೆ ಚಿತ್ರ ಹೋದ ಸೂಚನೆ ಬರುವುದಿಲ್ಲ. ವಿದ್ಯಾರ್ಥಿಗಳು ಅಂದು ಚಿತ್ರದ ಕಥೆಯನ್ನು ಅವರ ಬಾಯಿಂದ ಕೇಳಿದರು. ಒಳ್ಳೆಯ ಮಾತುಗಾರರಾದ್ದರಿಂದ ತರಗತಿ ಕೆಡಲಿಲ್ಲವೆಂಬುದು ಬೇರೆ ವಿಷಯ.

ಇದಕ್ಕೆ ಹೋಲಿಸಿದರೆ ನಮ್ಮ ಹಳೆಯ ಏರ್ಪಾಟುಗಳು ಬಡತನದವಾದರೂ ಗಟ್ಟಿಯಾಗಿದ್ದುವು. ೧೯೭೧ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸುಚಿತ್ರಾದಂಥ ಫಿಲ್ಮ್ ಸೊಸೈಟಿಗಳು ರೀಲಿನ ಡಬ್ಬಗಳನ್ನು ತರಿಸಿ, ಸದಸ್ಯರ ಅಲ್ಪ ಚಂದಾದಲ್ಲಿ ಪ್ರಪಂಚದ ಚಿತ್ರಗಳನ್ನು ತೋರಿಸಿದುವು. ಡಬ್ಬ ಬಂತೆಂದರೆ ಬಂತು. ಪ್ರದರ್ಶನದ ಮಧ್ಯದಲ್ಲಿ ಅದು ಆವಿಯಾಗುತ್ತಿರಲಿಲ್ಲ. ೧೯೬೫ರ ಸಾರ್ವಜನಿಕ ಗ್ರಂಥಾಲಯಗಳ ಅಧಿನಿಯಮದ ಅನಂತರ ಊರೂರಿಗೆ ಬಂದ ಗ್ರಂಥಾಲಯಗಳಲ್ಲಿ, ಅಂದು ಕೊಂಡ ಪುಸ್ತಕ, ಗೆದ್ದಲು ಹಿಡಿಯದಿದ್ದರೆ, ಇಂದಿಗೂ ಕಪಾಟಿನಲ್ಲಿದೆ. ಅದನ್ನು ಮೂರನೆಯ ತಲೆಮಾರಿನ ಓದುಗನಿಗೆ ಕೊಡುವಾಗ ಗ್ರಂಥಪಾಲನು ಪ್ರಕಾಶಕನಿಗೆ ಹೊಸದಾಗಿ ಕಪ್ಪ ಸಲ್ಲಿಸಬೇಕಾಗಿಲ್ಲ.

ನೆಟ್‌ಫ್ಲಿಕ್ಸ್ ನಮ್ಮ ದೇಶಕ್ಕೆ ಬಂದದ್ದು ೨೦೧೬ರ ಜನವರಿಯಲ್ಲಿ, ಹರಿವಿನ ರೂಪದಲ್ಲಿ ಮಾತ್ರ. ಕೆಂಪು ಲಕೋಟೆಯನ್ನು ನಾವು ಕಾಣಲೇ ಇಲ್ಲ. ಇಲ್ಲಿ ೨೦೨೧ರ ಡಿಸೆಂಬರ್‌ನಲ್ಲಿ ಅದು ದರವನ್ನು ಇಳಿಸಿತು: ಫೋನಿನ ಚಂದಾ ೧೯೯ರಿಂದ ೧೪೯ ರೂಪಾಯಿಗೆ, ಅದರ ಮೇಲಿನದು ೪೯೯ರಿಂದ ೧೯೯ಕ್ಕೆ. ಇದನ್ನು ಔದಾರ್ಯವೆಂದು ತಿಳಿಯಬೇಕಾಗಿಲ್ಲ. ಇಲ್ಲಿಯ ಗಿರಾಕಿ ಇನ್ನೂ ಅಂಗಡಿಯ ಹೊರಗೆ ನಿಂತಿದ್ದ. ಅಮೆರಿಕದ ಗಿರಾಕಿ ಒಳಗೆ ಬಂದು ಕುಳಿತಿದ್ದ. ಒಳಗೆ ಕುಳಿತವನಿಗೆ ದರ ಏರುತ್ತದೆ, ಹೊರಗೆ ನಿಂತವನಿಗೆ ಇಳಿಯುತ್ತದೆ.

ಚಂದಾದ ಹಣ ಯಾವ ಸರಕನ್ನು ತರುತ್ತದೆ ಎಂಬುದರಲ್ಲಿಯಂತೂ ಕೊಡುವವನ ಮಾತು ನಡೆಯುವುದಿಲ್ಲ. ಕನ್ನಡದ ಚಂದಾದಾರ ತನ್ನ ಪಾಲಿನ ಹಣವನ್ನು ತಪ್ಪದೆ ಕೊಡುತ್ತಾನೆ. ಆದರೂ ರಕ್ಷಿತ್ ಶೆಟ್ಟಿಯವರ ಪರಂವಃ ಸಂಸ್ಥೆ ನಿರ್ಮಿಸಿದ, ಕರಾವಳಿಯ ಕಥೆಗಳ ‘ಏಕಂ’ ಸರಣಿಗೆ ದೊಡ್ಡ ವೇದಿಕೆಗಳಲ್ಲಿ ಸ್ಥಳ ಸಿಗಲಿಲ್ಲ. ೨೦೨೪ರ ಜುಲೈಯಲ್ಲಿ ಅದನ್ನು ಅವರು ಸ್ವಂತ ಜಾಲತಾಣದಲ್ಲಿಯೇ ಹೊರತರಬೇಕಾಯಿತು. ಒಳ್ಳೆಯ ಕವನಸಂಕಲನವನ್ನು ಪ್ರಕಾಶಕರು ಒಲ್ಲೆನೆಂದಾಗ ಕವಿಯೇ ಸಾಲ ಮಾಡಿ ಅಚ್ಚು ಹಾಕಿಸಿ, ಚೀಲದಲ್ಲಿ ಹೊತ್ತು ಮಾರುವ ನಮ್ಮ ಪುರಾತನ ಪದ್ಧತಿ ಇಲ್ಲಿಯೂ ಮರುಕಳಿಸಿತೆಂದು ಓದಿದಾಗ ನಗುವೂ ಬಂತು, ನಗಲು ಮನಸ್ಸೂ ಬರಲಿಲ್ಲ.

೨೦೧೧ರ ಪಾಠವನ್ನು ಸಂಸ್ಥೆಗಳು ಚೆನ್ನಾಗಿಯೇ ಕಲಿತುವು. ೬೦ ಪ್ರತಿಶತವನ್ನು ಒಂದೇ ಏಟಿಗೆ ಏರಿಸಿದರೆ ಎಂಟು ಲಕ್ಷ ಮನೆಗಳು ಹೋಗುತ್ತವೆ. ಒಂದು ಡಾಲರ್, ಎರಡು ಡಾಲರ್, ವರ್ಷ ಬಿಟ್ಟು ವರ್ಷ ಏರಿಸಿದರೆ ಯಾರೂ ಮೇಲಕ್ಕೇಳುವುದಿಲ್ಲ. ಅಂದು ಅಮೆರಿಕದಲ್ಲಿ ೭.೯೯ ಇದ್ದ ಹರಿವಿನ ಚಂದಾ, ಜಾಹೀರಾತಿಲ್ಲದ ಸಾಮಾನ್ಯ ದರ್ಜೆಯಲ್ಲಿ ೨೦೨೫ರ ಜನವರಿಯಲ್ಲಿ ೧೭.೯೯ಕ್ಕೆ ಮುಟ್ಟಿತು. ಹೆಚ್ಚುಕಡಿಮೆ ಅಷ್ಟೇ ಹಣಕ್ಕೆ ೨೦೧೧ರಲ್ಲಿ, ಎಲ್ಲರೂ ಬೈದ ಆ ಹೊಸ ದರದಲ್ಲಿಯೇ, ಹರಿವಿನ ಜೊತೆಗೆ ಲಕ್ಷ ತಟ್ಟೆಗಳ ಭಂಡಾರವೂ ದೊರೆಯುತ್ತಿತ್ತು. ಚಂದಾದಾರ ಈಗಲೂ ಗೊಣಗುತ್ತಾನೆ. ಆದರೆ ಅದು ಈರುಳ್ಳಿಯ ಬೆಲೆಗೆ ಗೊಣಗುವಂಥ ಗೊಣಗಾಟ. ಪಾಲುಗಾರನ ಕೋಪ ಅದರಲ್ಲಿ ಕಾಣುವುದಿಲ್ಲ. ತನ್ನದೆಂದು ಭಾವಿಸಿದ್ದರೆ ತಾನೆ ಕೋಪ?

ಕೆಂಪು ಲಕೋಟೆಗಳ ಕೆಲಸ ೨೦೨೩ರ ಸೆಪ್ಟೆಂಬರ್ ೨೯ರಂದು ನಿಂತಿತು. ಇಪ್ಪತ್ತೈದು ವರ್ಷಗಳಲ್ಲಿ ಐನೂರು ಕೋಟಿಗೂ ಹೆಚ್ಚು ತಟ್ಟೆಗಳು ಅಂಚೆಯಲ್ಲಿ ಓಡಾಡಿದ್ದುವು. ಕೊನೆಯವರೆಗೆ ಉಳಿದಿದ್ದ ಚಂದಾದಾರರಿಗೆ, ಬೇಕಾದವರು ಹೆಸರು ಕೊಟ್ಟರೆ, ಅವರವರ ಪಟ್ಟಿಯಿಂದಲೇ ಹತ್ತರವರೆಗೆ ಹೆಚ್ಚಿನ ತಟ್ಟೆಗಳನ್ನು ಕಳುಹಿಸುವುದಾಗಿ ಸಂಸ್ಥೆ ತಿಳಿಸಿತು. ಅವನ್ನು ಹಿಂದಿರುಗಿಸಬೇಕಾಗಿರಲಿಲ್ಲ, ಬಿಚ್ಚಿಕೊಳ್ಳಲು ಉಗ್ರಾಣದಲ್ಲಿ ಯಾರೂ ಇರುತ್ತಿರಲಿಲ್ಲ. ಈಗ ಅವು ಅಮೆರಿಕದ ಎಷ್ಟೋ ಮನೆಗಳ ಕಪಾಟುಗಳಲ್ಲಿ ಪುಸ್ತಕಗಳ ಪಕ್ಕದಲ್ಲಿವೆ. ೧೯೦೮ರ ಆ ಕಾದಂಬರಿಯ ತೀರ್ಪಿನ ಪ್ರಕಾರ ನೆರೆಮನೆಯವರು ಕೇಳಿದರೆ ಕಡ ಕೊಡಬಹುದು.